ಗೇಟಿಗೆ ಗುದ್ದಿದ ಕಾರು: ಕ್ಲೇಮ್ ಮಾಡೋದಾ, ಬೇಡವಾ?

ಆಯುಧಪೂಜೆಯ ಮರುದಿನ ಬೆಳಿಗ್ಗೆ ಪಕ್ಕದ ಮನೆ ಕಡೆಯಿಂದ ‘ಚರ್‌’ ಅಂತ ಒಂದು ಸದ್ದು ಕೇಳಿಸಿತು. ಅವರ ಮಗಳಿಗೆ 19 ವರ್ಷ. ಡಿಎಲ್ ಕೈಗೆ ಬಂದು ಮೂರು ತಿಂಗಳಾಗಿತ್ತು. ಅಪ್ಪನ ಕಾರನ್ನು ರಿವರ್ಸಿನಲ್ಲಿ ಹೊರಗೆ ತೆಗೆಯುವಾಗ ಸ್ಟೇರಿಂಗನ್ನು ಒಂದು ಕ್ಷಣ ಮೊದಲೇ ತಿರುಗಿಸಿಬಿಟ್ಟಿದ್ದಳು. ಹಿಂಭಾಗ ಗೇಟು ದಾಟಿತ್ತು. ಮುಂಭಾಗದ ಎಡಮೂಲೆ ಕಲ್ಲುಕಂಬಕ್ಕೆ ಉಜ್ಜಿಕೊಂಡು ನಿಂತಿತ್ತು. ಬಂಪರ್ ಸೀಳಿತ್ತು, ಮುಂಚಕ್ರದ ಮೇಲಿನ ತಗಡು, ಅಂದರೆ ಫೆಂಡರ್, ನೆಗ್ಗಿತ್ತು. ಹೆಡ್‌ಲೈಟನ್ನು ಹಿಡಿದುಕೊಳ್ಳುವ ಪ್ಲಾಸ್ಟಿಕ್ ಕಿವಿ ಮುರಿದಿತ್ತು. ಹಿಂದಿನ ದಿನ ಕಟ್ಟಿದ ಚೆಂಡುಹೂವಿನ ಹಾರ ಮಾತ್ರ ಒಂದು ಹೂವೂ ಉದುರದೆ ಹಾಗೇ ಇತ್ತು.

ಹುಡುಗಿ ಅಳುತ್ತಿದ್ದಳು. ಅವಳ ಅಪ್ಪ, ‘ಹೋಗ್ಲಿ ಬಿಡು ಪುಟ್ಟಿ, ಫುಲ್ ಇನ್ಶೂರೆನ್ಸ್ ಇದೆ’ ಅಂದರು. ಒಳಗಿನಿಂದ ಅಜ್ಜ, ‘ಇಷ್ಟಕ್ಕೆಲ್ಲ ಕ್ಲೇಮ್ ಮಾಡಿದ್ರೆ ಬೋನಸ್ ಹೊರಟೋಗುತ್ತೆ, ಸುಮ್ನಿರು’ ಅಂದರು. ಇಬ್ಬರ ಮಾತಲ್ಲೂ ನಿಜವಿತ್ತು, ಆದರೆ ಲೆಕ್ಕ ಹಾಕಿ ನೋಡಿದವರು ಯಾರೂ ಇರಲಿಲ್ಲ. ಪಾಲಿಸಿ ಓದುವ ಚಟ ನನಗೆ ಇರುವುದು ಬೀದಿಗೆಲ್ಲ ಗೊತ್ತು. ಹಾಗಾಗಿ ಕಾಫಿಯ ಜೊತೆ ಕಾಗದದ ಕಟ್ಟೂ ನನ್ನ ಮುಂದೆ ಬಂತು. ಅಂದು ಅವರ ಊಟದ ಮೇಜಿನ ಮೇಲೆ ಹಾಕಿದ ಲೆಕ್ಕವನ್ನೇ ಇಲ್ಲಿ ಬಿಡಿಸಿ ಹೇಳುತ್ತೇನೆ. ನಿಮ್ಮ ಮನೆಯಲ್ಲೂ ಹೊಸದಾಗಿ ಸ್ಟೇರಿಂಗ್ ಹಿಡಿದ ಮಗನೋ ಮಗಳೋ ಇದ್ದರೆ ಇದು ಉಪಯೋಗಕ್ಕೆ ಬರುತ್ತದೆ.

ಮೊದಲು ನಿಮ್ಮ ಪಾಲಿಸಿ ಯಾವುದು ಅಂತ ನೋಡಿ. ಕಾರಿನ ವಿಮೆಯಲ್ಲಿ ಎರಡು ಭಾಗ. ಒಂದು ಥರ್ಡ್ ಪಾರ್ಟಿ. ನಿಮ್ಮ ಗಾಡಿಯಿಂದ ಬೇರೆಯವರಿಗೆ ಆದ ಗಾಯ, ಸಾವು, ಆಸ್ತಿಹಾನಿಗೆ ಇದು ಪರಿಹಾರ ಕೊಡುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಇದು ಕಡ್ಡಾಯ. ಇನ್ನೊಂದು ಓನ್ ಡ್ಯಾಮೇಜ್, ಅಂದರೆ ನಿಮ್ಮದೇ ಗಾಡಿಗೆ ಆದ ಹಾನಿಗೆ. ಇದು ಕಡ್ಡಾಯವಲ್ಲ. ಎರಡೂ ಸೇರಿದ್ದನ್ನು ಜನ ‘ಫುಲ್ ಇನ್ಶೂರೆನ್ಸ್’ ಅನ್ನುತ್ತಾರೆ.

ಇಲ್ಲೊಂದು ಗೊಂದಲ ಬಹಳ ಮನೆಗಳಲ್ಲಿ ನೋಡಿದ್ದೇನೆ. 2018ರ ಸೆಪ್ಟೆಂಬರಿನಿಂದ ಹೊಸ ಕಾರು ಕೊಂಡಾಗ ಮೂರು ವರ್ಷದ ಥರ್ಡ್ ಪಾರ್ಟಿಯನ್ನು ಒಟ್ಟಿಗೇ ಕಟ್ಟಬೇಕು. ಷೋರೂಮಿನವರು ‘ಮೂರು ವರ್ಷ ಇನ್ಶೂರೆನ್ಸ್ ಇದೆ ಸಾರ್’ ಅಂದದ್ದನ್ನು ಕೇಳಿ ಜನ ಎಲ್ಲವೂ ಮೂರು ವರ್ಷ ಇದೆ ಅಂದುಕೊಳ್ಳುತ್ತಾರೆ. ಆದರೆ ಓನ್ ಡ್ಯಾಮೇಜ್ ಭಾಗ ಹೆಚ್ಚಾಗಿ ಒಂದೇ ವರ್ಷದ್ದು, ಅದನ್ನು ಪ್ರತಿ ವರ್ಷ ನವೀಕರಿಸಬೇಕು. ಪಾಲಿಸಿಯ ಮೊದಲ ಪುಟದಲ್ಲಿ ಎರಡಕ್ಕೂ ಬೇರೆ ಬೇರೆ ದಿನಾಂಕ ಇರುತ್ತದೆ. ಓನ್ ಡ್ಯಾಮೇಜ್ ದಿನಾಂಕ ಮುಗಿದಿದ್ದರೆ ಮುಂದಿನ ಲೆಕ್ಕವೆಲ್ಲ ಬೇಕಾಗಿಲ್ಲ. ಗ್ಯಾರೇಜಿನ ಬಿಲ್ಲು ನಿಮ್ಮ ಜೇಬಿನಿಂದಲೇ.

ಓಡಿಸಿದವರ ಡಿಎಲ್

ದುಡ್ಡಿನ ಲೆಕ್ಕಕ್ಕೆ ಮೊದಲು ಇನ್ನೊಂದು ಪ್ರಶ್ನೆ ಇದೆ. ಗುದ್ದಿದಾಗ ಓಡಿಸುತ್ತಿದ್ದವರ ಹತ್ತಿರ ಆ ಗಾಡಿಗೆ ಸಲ್ಲುವ ಲೈಸೆನ್ಸ್ ಇತ್ತೇ?

ನಮ್ಮಲ್ಲಿ ಕಾರಿನ ಪಾಲಿಸಿ ಗಾಡಿಗೆ ಅಂಟಿಕೊಂಡಿರುತ್ತದೆ. ಮಾಲೀಕರ ಒಪ್ಪಿಗೆಯಿಂದ, ಸರಿಯಾದ ಲೈಸೆನ್ಸ್ ಇರುವ ಯಾರೇ ಓಡಿಸಿದರೂ ರಕ್ಷಣೆ ಇದೆ. ಮಗಳ ಹೆಸರನ್ನು ಪಾಲಿಸಿಗೆ ಸೇರಿಸಬೇಕಾಗಿಲ್ಲ, ಅದಕ್ಕೆ ಹೆಚ್ಚಿನ ದುಡ್ಡೂ ಇಲ್ಲ. ಆದರೆ ಲೈಸೆನ್ಸ್ ಆಯಾ ವರ್ಗದ ಗಾಡಿಗೆ ಸಲ್ಲಬೇಕು. ಗೇರ್ ಇಲ್ಲದ ಸ್ಕೂಟರಿಗೆ ಮಾತ್ರ ಡಿಎಲ್ ಮಾಡಿಸಿಕೊಂಡ ಹುಡುಗ ಕಾರು ಗುದ್ದಿಸಿದರೆ ಆ ಡಿಎಲ್ ಇದ್ದೂ ಇಲ್ಲದ ಹಾಗೆ.

ಎಲ್‌ಎಲ್‌ಆರ್ ಇದ್ದರೆ? ಕಲಿಕಾ ಲೈಸೆನ್ಸಿನಲ್ಲೂ ಪಾಲಿಸಿ ಹಣ ಕೊಡುತ್ತದೆ, ಅದಕ್ಕೆ ಷರತ್ತುಗಳಿವೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 3ನೇ ನಿಯಮ ಪಾಲಿಸಿರಬೇಕು. ಅಂದರೆ ಪೂರ್ಣ ಲೈಸೆನ್ಸ್ ಇರುವವರು ಗಾಡಿಯನ್ನು ನಿಲ್ಲಿಸಲು ಸಾಧ್ಯವಾಗುವಂತೆ ಪಕ್ಕದಲ್ಲಿ ಕೂತಿರಬೇಕು, ಗಾಡಿಗೆ ಹಿಂದೆ ಮುಂದೆ ಬಿಳಿ ಹಿನ್ನೆಲೆಯ ಕೆಂಪು ‘ಎಲ್’ ಬೋರ್ಡು ಇರಬೇಕು. ‘ಇಲ್ಲೇ ಮೂಲೆ ಅಂಗಡಿಗೆ ಹೋಗಿದ್ದ’ ಅನ್ನುವ ಸಬೂಬು ಇಲ್ಲಿ ನಡೆಯುವುದಿಲ್ಲ.

18 ತುಂಬದ ಮಗ ಓಡಿಸಿದ್ದರೆ ಕ್ಲೇಮಿನ ಮಾತು ಮರೆತುಬಿಡಿ. ಅಲ್ಲಿ ದೊಡ್ಡ ಚಿಂತೆ ಬೇರೆ. 2019ರಲ್ಲಿ ಕಾಯ್ದೆಗೆ ಸೇರಿದ 199ಎ ಕಲಮಿನ ಪ್ರಕಾರ ಪೋಷಕರಿಗೆ ಅಥವಾ ಗಾಡಿಯ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಗಾಡಿಯ ನೋಂದಣಿ 12 ತಿಂಗಳು ರದ್ದು. ಆ ಮಗುವಿಗೆ 25 ವರ್ಷ ತುಂಬುವ ತನಕ ಲೈಸೆನ್ಸ್ ಇಲ್ಲ. ಯಾರಿಗಾದರೂ ಗಾಯವಾಗಿದ್ದರೆ, ವಿಮಾ ಕಂಪನಿ ಗಾಯಾಳುವಿಗೆ ಪರಿಹಾರ ಕೊಟ್ಟು ಆಮೇಲೆ ಅದನ್ನು ನಿಮ್ಮಿಂದ ವಸೂಲಿ ಮಾಡಬಹುದು. 2004ರ ಸ್ವರಣ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ‘ಮೊದಲು ಕೊಡು, ಆಮೇಲೆ ವಸೂಲು ಮಾಡು’ ಎಂಬ ಈ ದಾರಿಯನ್ನು ಸ್ಪಷ್ಟಪಡಿಸಿದೆ.

ಇಂಥ ಹೊತ್ತಿನಲ್ಲಿ ‘ನಾನೇ ಓಡಿಸುತ್ತಿದ್ದೆ ಅಂತ ಬರೆದುಕೊಟ್ಟರಾಯಿತು’ ಎಂದು ಅಪ್ಪಂದಿರಿಗೆ ಅನ್ನಿಸುವುದುಂಟು. ಕೆಲವು ಗ್ಯಾರೇಜಿನವರೂ ಕಿವಿಯಲ್ಲಿ ಅದನ್ನೇ ಊದುತ್ತಾರೆ. ದಯವಿಟ್ಟು ಬೇಡ. ಇವತ್ತು ಪ್ರತಿ ಎರಡು ಮನೆಗೊಂದು ಸಿಸಿಟಿವಿ ಕ್ಯಾಮೆರಾ ಇದೆ. ಸುಳ್ಳು ಹೇಳಿಕೆ ಸಿಕ್ಕಿಬಿದ್ದರೆ ಈ ಕ್ಲೇಮ್ ಹೋಗುವುದಲ್ಲದೆ ವಂಚನೆಯ ಆರೋಪವೂ ಹೆಗಲೇರುತ್ತದೆ. ಹತ್ತು ಹದಿನೈದು ಸಾವಿರಕ್ಕೆ ಇಷ್ಟು ದೊಡ್ಡ ಪಣ ಕಟ್ಟುವವರನ್ನು ಕಂಡರೆ ನನಗೆ ಕೋಪಕ್ಕಿಂತ ಆಶ್ಚರ್ಯವೇ ಹೆಚ್ಚು.

ನಮ್ಮ ಪಕ್ಕದ ಮನೆಯವರಿಗೆ ಈ ತೊಂದರೆ ಇರಲಿಲ್ಲ. ಹುಡುಗಿಯ ಡಿಎಲ್ ಕಾರಿನದೇ. ಆದ್ದರಿಂದ ಲೆಕ್ಕಕ್ಕೆ ಕೂತೆವು.

ಕಂಪನಿ ನಿಜವಾಗಿ ಎಷ್ಟು ಕೊಡುತ್ತದೆ?

ಬಿಲ್ಲು 21,000 ಆದರೆ ಕಂಪನಿ 21,000 ಕೊಡುತ್ತದೆ ಅಂದುಕೊಂಡಿದ್ದೀರಾ? ಹಾಗಲ್ಲ. ಮೂರು ಕಡೆ ಕತ್ತರಿ ಬೀಳುತ್ತದೆ.

ಮೊದಲನೆಯದು ಡಿಪ್ರಿಸಿಯೇಷನ್, ಅಂದರೆ ಸವಕಳಿ. ಹಳೆಯ ಭಾಗ ತೆಗೆದು ಹೊಸದು ಹಾಕಿದಾಗ, ಹಳೆಯದು ಸವೆದಷ್ಟು ಬೆಲೆಯನ್ನು ಕಂಪನಿ ಕಳೆಯುತ್ತದೆ. ಪ್ಲಾಸ್ಟಿಕ್, ರಬ್ಬರ್, ಟೈರ್, ಬ್ಯಾಟರಿಗೆ ನೇರವಾಗಿ ಅರ್ಧ ಬೆಲೆ ಕಡಿತ. ಕಾರು ಹೊಸದಾಗಿದ್ದರೂ ಅಷ್ಟೇ. ಫೈಬರ್ ಗ್ಲಾಸಿಗೆ ಶೇ. 30. ಗಾಜಿಗೆ ಏನೂ ಇಲ್ಲ. ತಗಡಿಗೆ ಮಾತ್ರ ಕಾರಿನ ವಯಸ್ಸು ನೋಡುತ್ತಾರೆ: ಆರು ತಿಂಗಳವರೆಗೆ ಸೊನ್ನೆ, ಒಂದು ವರ್ಷದವರೆಗೆ ಶೇ. 5, ಎರಡರವರೆಗೆ 10, ಮೂರರವರೆಗೆ 15, ನಾಲ್ಕರವರೆಗೆ 25, ಐದರವರೆಗೆ 35, ಹತ್ತರವರೆಗೆ 40, ಅದರಾಚೆ 50. ಪೇಂಟಿಂಗಿಗೆ ಬೇರೆ ವಿಧಾನ. ಬಿಲ್ಲಿನ ಕಾಲು ಭಾಗವನ್ನು ಬಣ್ಣದ ಬೆಲೆ ಎಂದು ಹಿಡಿದು, ಅದರಲ್ಲಿ ಅರ್ಧ ಕಳೆಯುತ್ತಾರೆ. ಕೂಲಿಗೆ ಸವಕಳಿ ಇಲ್ಲ.

ಇಂದಿನ ಸಣ್ಣ ಗುದ್ದಾಟಗಳಲ್ಲಿ ಮುರಿಯುವುದು ಯಾವುದು ಹೇಳಿ? ಬಂಪರು, ಗ್ರಿಲ್ಲು, ಲೈಟು. ಎಲ್ಲ ಪ್ಲಾಸ್ಟಿಕ್ಕೇ. ಹಾಗಾಗಿ ಸಣ್ಣ ಅಪಘಾತದಲ್ಲೇ ಈ ಕತ್ತರಿ ಹರಿತ.

ಎರಡನೆಯದು ಕಡ್ಡಾಯ ಡಿಡಕ್ಟಿಬಲ್. ಪ್ರತಿ ಕ್ಲೇಮಿನಲ್ಲೂ ಮಾಲೀಕರು ಹೊರಬೇಕಾದ ಮೊದಲ ಮೊತ್ತ ಇದು. 1500 ಸಿಸಿವರೆಗಿನ ಕಾರಿಗೆ 1,000 ರೂಪಾಯಿ, ಅದಕ್ಕಿಂತ ದೊಡ್ಡ ಇಂಜಿನ್ನಿಗೆ 2,000. ಪ್ರೀಮಿಯಂ ಕಡಿಮೆಯಾಗಲಿ ಎಂದು ನೀವೇ ವಾಲಂಟರಿ ಡಿಡಕ್ಟಿಬಲ್ ಒಪ್ಪಿಕೊಂಡಿದ್ದರೆ ಅದೂ ಇದಕ್ಕೆ ಸೇರುತ್ತದೆ. ಆನ್‌ಲೈನಿನಲ್ಲಿ ಪಾಲಿಸಿ ಕೊಂಡವರು ಇದನ್ನೊಮ್ಮೆ ಪರೀಕ್ಷಿಸಿ. ಅಗ್ಗದ ದರ ತೋರಿಸಲು ಆ ಚೌಕಕ್ಕೆ ಟಿಕ್ ಬಿದ್ದಿರಬಹುದು. ಮೂರನೆಯದು ನಟ್ಟು, ಬೋಲ್ಟು, ಕ್ಲಿಪ್ಪು, ಕೂಲೆಂಟ್, ಆಯಿಲ್ ಮುಂತಾದವು. ಇವುಗಳಿಗೆ ಪ್ರತ್ಯೇಕ ಆಡ್‌ಆನ್, ಅಂದರೆ ಹೆಚ್ಚಿನ ದುಡ್ಡು ಕಟ್ಟಿ ಪಾಲಿಸಿಗೆ ಸೇರಿಸಿಕೊಳ್ಳುವ ರಕ್ಷಣೆ, ಇಲ್ಲದಿದ್ದರೆ ಕೊಡುವುದಿಲ್ಲ.

ಈಗ ಪಕ್ಕದ ಮನೆಯ ಕಾರಿನ ಎಸ್ಟಿಮೇಟ್ ನೋಡೋಣ. ಕಾರಿಗೆ ನಾಲ್ಕು ವರ್ಷ ದಾಟಿದೆ, ಇಂಜಿನ್ 1200 ಸಿಸಿ. ಅಧಿಕೃತ ಸರ್ವಿಸ್ ಸೆಂಟರಿನವರು ಬರೆದುಕೊಟ್ಟದ್ದು: ಬಂಪರ್ 4,500, ಹೆಡ್‌ಲೈಟ್ 6,000, ಫೆಂಡರ್ 2,000, ಕೂಲಿ 3,000, ಪೇಂಟಿಂಗ್ 5,000, ಕ್ಲಿಪ್ಪು ಗಿಪ್ಪು 500. ಒಟ್ಟು 21,000 ರೂಪಾಯಿ.

ಕತ್ತರಿ ಹಾಕಿ ನೋಡಿ. ಬಂಪರಿನಲ್ಲಿ 2,250 ಹೋಯಿತು. ಹೆಡ್‌ಲೈಟಿನಲ್ಲಿ 3,000. ಫೆಂಡರಿನಲ್ಲಿ ಶೇ. 35, ಅಂದರೆ 700. ಪೇಂಟಿಂಗಿನಲ್ಲಿ 625. ಕ್ಲಿಪ್ಪಿನ 500 ಪೂರ್ತಿ. ಮೇಲೆ ಡಿಡಕ್ಟಿಬಲ್ 1,000. ಒಟ್ಟು 8,075 ರೂಪಾಯಿ ಅವರ ಜೇಬಿನಿಂದ. ಕಂಪನಿ ಕೊಡುವುದು 12,925. ‘ಫುಲ್ ಇನ್ಶೂರೆನ್ಸ್’ ಅನ್ನುವ ಹೆಸರು ಇಲ್ಲಿಗೆ ಸ್ವಲ್ಪ ಬಡವಾಯಿತು.

ಜೀರೋ ಡಿಪ್ರಿಸಿಯೇಷನ್ ಆಡ್‌ಆನ್ ಇದ್ದವರಿಗೆ ಚಿತ್ರ ಬೇರೆ. ಏಜೆಂಟರು ಇದನ್ನು ‘ಬಂಪರ್ ಟು ಬಂಪರ್’ ಅನ್ನುತ್ತಾರೆ. ಸವಕಳಿಯನ್ನು ಕಂಪನಿಯೇ ಹೊರುತ್ತದೆ. ಇದೇ ಬಿಲ್ಲಿನಲ್ಲಿ ಅವರು ಕಟ್ಟಬೇಕಾದ್ದು 1,500 ಮಾತ್ರ. ಆದರೆ ವರ್ಷಕ್ಕೆ ಇಷ್ಟೇ ಸಲ ಎಂಬ ಮಿತಿಯನ್ನು ಬಹಳ ಕಂಪನಿಗಳು ಇಟ್ಟಿರುತ್ತವೆ. ಒಂದು ಗೀರಿಗೆ ಒಂದು ಸಲ ಬಳಸಿಬಿಟ್ಟರೆ ದೊಡ್ಡ ಪೆಟ್ಟಿನ ಹೊತ್ತಿಗೆ ಕೈ ಖಾಲಿಯಾಗಬಹುದು.

ಬೋನಸ್ಸಿನ ಲೆಕ್ಕ

ಅಜ್ಜ ಹೇಳಿದ ಬೋನಸ್ಸಿಗೆ ಬರೋಣ. ಎನ್‌ಸಿಬಿ, ಅಂದರೆ ನೋ ಕ್ಲೇಮ್ ಬೋನಸ್. ಹೆಸರಿನಲ್ಲಿ ಬೋನಸ್ ಇದ್ದರೂ ಕೈಗೆ ಬರುವ ದುಡ್ಡಲ್ಲ ಇದು, ರಿಯಾಯಿತಿ. ಒಂದು ವರ್ಷ ಕ್ಲೇಮ್ ಮಾಡದಿದ್ದರೆ ಮುಂದಿನ ವರ್ಷದ ಓನ್ ಡ್ಯಾಮೇಜ್ ಪ್ರೀಮಿಯಮ್ಮಿನಲ್ಲಿ ಶೇ. 20 ಕಡಿತ. ಸತತ ಎರಡು ವರ್ಷಕ್ಕೆ 25, ಮೂರಕ್ಕೆ 35, ನಾಲ್ಕಕ್ಕೆ 45, ಐದಕ್ಕೆ 50. ಅಲ್ಲಿಗೆ ನಿಲ್ಲುತ್ತದೆ. ಒಂದು ಕ್ಲೇಮ್ ಮಾಡಿದಿರೋ, ಮುಂದಿನ ನವೀಕರಣದಲ್ಲಿ ಸೊನ್ನೆ. ಪರಮಪದ ಸೋಪಾನಪಟದ ಹಾವಿನ ಹಾಗೆ, ಏಣಿ ಹತ್ತಿದವನು ಕೆಳಗಿನ ಮನೆಗೇ ಜಾರುತ್ತಾನೆ. 500 ರೂಪಾಯಿಯ ಕ್ಲೇಮಿಗೂ ಅದೇ ಹಾವು, 5 ಲಕ್ಷದ ಕ್ಲೇಮಿಗೂ ಅದೇ ಹಾವು.

ಎರಡು ವಿಷಯ ಗಮನಿಸಿ. ರಿಯಾಯಿತಿ ಓನ್ ಡ್ಯಾಮೇಜ್ ಭಾಗಕ್ಕೆ ಮಾತ್ರ, ಥರ್ಡ್ ಪಾರ್ಟಿ ದರಕ್ಕೆ ಅಲ್ಲ. ಹಾಗಾಗಿ ಒಟ್ಟು ಪ್ರೀಮಿಯಂ ಹಿಡಿದು ಲೆಕ್ಕ ಹಾಕಬೇಡಿ. ಪಾಲಿಸಿಯಲ್ಲಿ ಎನ್‌ಸಿಬಿ ಕಳೆಯುವ ಮೊದಲಿನ ಓನ್ ಡ್ಯಾಮೇಜ್ ಮೊತ್ತ ಎಷ್ಟು ಎಂದು ಹುಡುಕಿ. ಇನ್ನೊಂದು, ನಷ್ಟ ಬರೀ ಮುಂದಿನ ವರ್ಷದ್ದಲ್ಲ. ಏಣಿಯನ್ನು ಮತ್ತೆ ಹತ್ತಬೇಕಲ್ಲ, ಅಷ್ಟೂ ವರ್ಷದ್ದು. ಹೆಚ್ಚಿನವರು ತಪ್ಪುವುದು ಇಲ್ಲೇ.

ಈಗ ಶೇ. 50 ಎನ್‌ಸಿಬಿ ಇದೆ ಅನ್ನಿ. ಕ್ಲೇಮ್ ಮಾಡದಿದ್ದರೆ ಮುಂದೆಯೂ 50, 50, 50 ಎಂದೇ ಸಾಗುತ್ತದೆ. ಕ್ಲೇಮ್ ಮಾಡಿದರೆ 0, 20, 25, 35, 45, ಆಮೇಲೆ 50. ವರ್ಷವರ್ಷದ ವ್ಯತ್ಯಾಸ 50, 30, 25, 15, 5. ಕೂಡಿದರೆ 125. ಅಂದರೆ ಒಂದು ವರ್ಷದ ಓನ್ ಡ್ಯಾಮೇಜ್ ಪ್ರೀಮಿಯಮ್ಮಿನ ಒಂದೂಕಾಲು ಪಟ್ಟು ನಿಮ್ಮ ಕೈಬಿಡುತ್ತದೆ. ಈಗ 45 ಇರುವವರಿಗೂ ಅಷ್ಟೇ. 35 ಇರುವವರಿಗೆ ಇದೇ ಲೆಕ್ಕದಲ್ಲಿ ಶೇ. 120, 25 ಇರುವವರಿಗೆ 105, 20 ಇರುವವರಿಗೆ 80. ಇನ್ನೂ ಮೊದಲ ವರ್ಷದಲ್ಲಿದ್ದು ಎನ್‌ಸಿಬಿಯೇ ಇಲ್ಲದವರಿಗೂ ಮುಂದೆ ಸಿಗಬೇಕಾದದ್ದು ತಪ್ಪುವುದರಿಂದ ಶೇ. 50ರಷ್ಟು ನಷ್ಟ. ಇದರ ಮೇಲೆ ಪ್ರೀಮಿಯಮ್ಮಿನ ಶೇ. 18 ಜಿಎಸ್‌ಟಿ ಸೇರಿಸಿಕೊಳ್ಳಿ.

ಪಕ್ಕದ ಮನೆಯವರ ಪಾಲಿಸಿಯಲ್ಲಿ ಎನ್‌ಸಿಬಿ ಶೇ. 45. ರಿಯಾಯಿತಿಗೆ ಮೊದಲಿನ ಓನ್ ಡ್ಯಾಮೇಜ್ 9,000 ರೂಪಾಯಿ. ಅದರ ಶೇ. 125 ಎಂದರೆ 11,250. ಜಿಎಸ್‌ಟಿ ಸೇರಿ 13,275. ಕಂಪನಿ ಕೊಡುವುದು 12,925. ‘ಅಂದ್ರೆ ಕ್ಲೇಮ್ ಮಾಡಿದ್ರೆ ನಾನೇ ಅವರಿಗೆ ಮುನ್ನೂರೈವತ್ತು ಕೊಟ್ಟ ಹಾಗಾಯ್ತಲ್ಲ!’ ಎಂದು ಅವರು ಕನ್ನಡಕ ತೆಗೆದು ಮತ್ತೊಮ್ಮೆ ಹಾಕಿಕೊಂಡರು. ಅಜ್ಜ ಏನೂ ಹೇಳಲಿಲ್ಲ, ಮೀಸೆ ಮಾತ್ರ ಅಲುಗಿತು.

ಕಾರು ಹಳೆಯದಾದಂತೆ ಅದರ ವಿಮಾಮೌಲ್ಯ ಇಳಿದು ಪ್ರೀಮಿಯಮ್ಮೂ ತುಸು ಇಳಿಯುತ್ತದೆ. ಆದ್ದರಿಂದ ನಿಜವಾದ ನಷ್ಟ 13,275ಕ್ಕಿಂತ ಸ್ವಲ್ಪ ಕಡಿಮೆಯೇ ಇರುತ್ತದೆ. ಆದರೂ ತೀರ್ಮಾನಕ್ಕೆ ಇಷ್ಟು ಸಾಕು.

ಈಗ ಇನ್ನೊಂದು ಸಂಖ್ಯೆ ಬೇಕು, ಅದಕ್ಕೆ ಮನೆಯಿಂದ ಹೊರಡಬೇಕು. ಷೋರೂಮಿನ ಎಸ್ಟಿಮೇಟ್ ಒಂದನ್ನೇ ನೋಡಿ ತೀರ್ಮಾನ ಮಾಡಬೇಡಿ. ಟಿಂಕರಿಂಗ್ ಮತ್ತು ಪೇಂಟಿಂಗ್ ಮಾಡುವ ಒಳ್ಳೆಯ ಗ್ಯಾರೇಜು ನಿಮ್ಮ ಊರಿನಲ್ಲೂ ಇರುತ್ತದೆ. ಸರ್ವಿಸ್ ಸೆಂಟರಿನವರು ಸೀಳಿದ ಬಂಪರನ್ನು ಸಾಮಾನ್ಯವಾಗಿ ಬದಲಾಯಿಸುತ್ತಾರೆ. ಟಿಂಕರ್ ಅದನ್ನು ಕಾಯಿಸಿ, ಬೆಸೆದು, ಉಜ್ಜಿ, ಬಣ್ಣ ಹೊಡೆಯುತ್ತಾನೆ. ಹೆಡ್‌ಲೈಟಿನ ಕಿವಿಯನ್ನು ಅಂಟಿಸಿ ಗಟ್ಟಿಮಾಡುತ್ತಾನೆ. ನಮ್ಮ ಬಡಾವಣೆಯ ಟಿಂಕರ್ ಕಾರಿನ ಸುತ್ತ ಒಂದು ಸುತ್ತು ಬಂದು, ಫೆಂಡರನ್ನು ಬೆರಳಲ್ಲಿ ತಟ್ಟಿ, ‘ಏಳೂವರೆ ಆಗುತ್ತೆ ಸಾರ್, ಮೂರು ದಿನ ಬಿಡಿ’ ಅಂದ. ಕ್ಲೇಮ್ ಮಾಡಿದರೂ ಜೇಬಿನಿಂದ ಹೋಗುತ್ತಿದ್ದದ್ದು 8,075. ಇಲ್ಲಿ ಪೂರ್ತಿ ಕೆಲಸವೇ 7,500.

ಹಾಗಾಗಿ ಹೋಲಿಸಬೇಕಾದದ್ದು ಹೀಗೆ. ತಕ್ಕಡಿಯ ಒಂದು ತಟ್ಟೆಯಲ್ಲಿ ಕ್ಲೇಮಿನ ದಾರಿ: ನಿಮ್ಮ ಜೇಬಿನ ಪಾಲು ಮತ್ತು ಎನ್‌ಸಿಬಿ ನಷ್ಟ. ಇನ್ನೊಂದರಲ್ಲಿ ನಿಮಗೆ ಒಪ್ಪಿಗೆಯಾಗುವ ರಿಪೇರಿಯ ಪೂರ್ತಿ ಖರ್ಚು. ಇವರಿಗೆ ಒಂದು ಕಡೆ 21,350, ಇನ್ನೊಂದು ಕಡೆ 7,500. ಜೀರೋ ಡಿಪ್ರಿಸಿಯೇಷನ್ ಇದ್ದಿದ್ದರೆ 14,775 ಮತ್ತು 7,500. ಹೊಸ ಬಂಪರೇ ಆಗಬೇಕು, ಷೋರೂಮಿನಲ್ಲೇ ಆಗಬೇಕು ಎನ್ನುವವರಿಗೆ ಎದುರಿನ ಅಂಕಿ 21,000 ಆಗುತ್ತದೆ. ಆಗ ಜೀರೋ ಡಿಪ್ರಿಸಿಯೇಷನ್ ಇದ್ದವರು ಕ್ಲೇಮ್ ಮಾಡುವುದೇ ಸರಿ. ಕಾರು ಇನ್ನೂ ಕಂಪನಿಯ ವಾರಂಟಿಯಲ್ಲಿದ್ದರೆ ಹೊರಗಿನ ಗ್ಯಾರೇಜಿಗೆ ಕೊಡುವ ಮೊದಲು ವಾರಂಟಿಯ ಷರತ್ತು ಓದಿ.

ಇಲ್ಲಿ ನನ್ನದೊಂದು ತಕರಾರು ಇದೆ. 125ರ ಲೆಕ್ಕ ನಿಜವಾಗಬೇಕಾದರೆ ಮುಂದಿನ ಐದು ವರ್ಷ ಒಂದೂ ಕ್ಲೇಮ್ ಆಗಬಾರದು. ಮನೆಯಲ್ಲಿ 19ರ ಹುಡುಗಿಯೋ ಹುಡುಗನೋ ಸ್ಟೇರಿಂಗ್ ಹಿಡಿದಿರುವಾಗ ಅಂಥ ನಂಬಿಕೆ ನಿಮಗಿದೆಯೇ? ಮಗಳ ಮುಂದೆ ‘ಇದೆ’ ಅನ್ನಿ. ಕಾಗದದ ಮೇಲೆ ಬೇರೆ ಲೆಕ್ಕ ಬರೆಯಿರಿ. ಎರಡು ವರ್ಷದಲ್ಲಿ ಇನ್ನೊಂದು ಕ್ಲೇಮ್ ಹೇಗೂ ಆದೀತು ಅನ್ನಿಸಿದರೆ ಮೊದಲೆರಡು ವರ್ಷದ 50 ಮತ್ತು 30 ಮಾತ್ರ ಕೂಡಿ. 9,000ದ ಶೇ. 80, ಜಿಎಸ್‌ಟಿ ಸೇರಿ 8,496. ಹೊಸ ಚಾಲಕರಿರುವ ಮನೆಯಲ್ಲಿ ಎನ್‌ಸಿಬಿಯ ಬೆಲೆ ಅಷ್ಟು ಇಳಿದಿರುತ್ತದೆ. ಈ ಲೆಕ್ಕದಲ್ಲೂ ನಮ್ಮ ನೆರೆಯವರಿಗೆ ಗ್ಯಾರೇಜೇ ಅಗ್ಗ ಎನ್ನುವುದು ಬೇರೆ ಮಾತು. ಅದೇ ಪಾಲಿಸಿ ವರ್ಷದಲ್ಲಿ ಈಗಾಗಲೇ ಒಂದು ಕ್ಲೇಮ್ ಆಗಿದ್ದರೆ ಎರಡನೆಯದಕ್ಕೆ ಎನ್‌ಸಿಬಿ ಯೋಚನೆಯೇ ಇಲ್ಲ, ಹೋದದ್ದು ಆಗಲೇ ಹೋಗಿದೆ. ಆದರೂ ಮೇಲಿಂದ ಮೇಲೆ ಕ್ಲೇಮ್ ಮಾಡಿದವರಿಗೆ ನವೀಕರಣದ ದರವನ್ನು ಕಂಪನಿ ಏರಿಸಬಹುದು.

‘ಈ ಗೀರು, ಹಿಂದಿನ ಬಾಗಿಲಿನ ಹಳೆಯ ಗೀರು, ಎಲ್ಲ ಸೇರಿಸಿ ಒಂದೇ ಕ್ಲೇಮ್ ಮಾಡೋಣ’ ಎಂಬ ಜಾಣತನ ಬೇಡ. ಒಂದೊಂದು ಘಟನೆಗೆ ಒಂದೊಂದು ಕ್ಲೇಮ್, ಒಂದೊಂದು ಡಿಡಕ್ಟಿಬಲ್. ತುಕ್ಕು ಹಿಡಿದ ಗೀರು ನಿನ್ನೆಯದಲ್ಲ ಎನ್ನುವುದು ಸರ್ವೇಯರಿಗೆ ಕಂಡೇ ಕಾಣುತ್ತದೆ. ಈ ಕಂಪನಿಯಲ್ಲಿ ಕ್ಲೇಮ್ ಮಾಡಿ, ಮುಂದಿನ ವರ್ಷ ಇನ್ನೊಂದು ಕಂಪನಿಗೆ ಹೋಗಿ ‘ಕ್ಲೇಮ್ ಇಲ್ಲ’ ಎಂದು ಘೋಷಿಸುವುದೂ ಅಪಾಯ. ಕಂಪನಿಗಳು ಒಂದನ್ನೊಂದು ಕೇಳಿ ಖಚಿತ ಮಾಡಿಕೊಳ್ಳುತ್ತವೆ. ಘೋಷಣೆ ಸುಳ್ಳಾದರೆ ಓನ್ ಡ್ಯಾಮೇಜ್ ರಕ್ಷಣೆಯೇ ಇಲ್ಲವಾಗುತ್ತದೆ.

ಇನ್ನೊಬ್ಬರ ಗಾಡಿಗೆ ತಗುಲಿದ್ದರೆ

ಇಲ್ಲಿಯವರೆಗಿನ ಲೆಕ್ಕವೆಲ್ಲ ಗೋಡೆಗೋ ಕಂಬಕ್ಕೋ ಗುದ್ದಿದ ಕಾರಿಗೆ. ಎದುರಿಗೆ ಇನ್ನೊಬ್ಬರಿದ್ದರೆ ಕ್ಯಾಲ್ಕುಲೇಟರ್ ಕೆಳಗಿಡಿ. ಯಾರಿಗಾದರೂ ಗಾಯವಾಗಿದ್ದರೆ ಮೊದಲು ಆಸ್ಪತ್ರೆ. ಮೋಟಾರು ವಾಹನ ಕಾಯ್ದೆಯ 134ನೇ ಕಲಮಿನ ಪ್ರಕಾರ ಗಾಯಾಳುವಿಗೆ ಚಿಕಿತ್ಸೆ ಕೊಡಿಸುವುದು, 24 ಗಂಟೆಯೊಳಗೆ ಪೊಲೀಸರಿಗೆ ತಿಳಿಸುವುದು, ವಿಮಾ ಕಂಪನಿಗೆ ಬರೆದು ತಿಳಿಸುವುದು ಚಾಲಕರ ಕರ್ತವ್ಯ. ‘ಏನಿಲ್ಲ ಬಿಡಿ, ತರಚಿದೆ ಅಷ್ಟೆ’ ಅಂದವರಿಗೆ ಮರುದಿನ ಕೈ ಎತ್ತಲು ಬರದೆ ಹೋಗಬಹುದು. ಮೂರು ತಿಂಗಳ ನಂತರ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಿಂದ ನೋಟಿಸು ಬಂದಾಗ, ಕಂಪನಿಗೆ ಮೊದಲೇ ತಿಳಿಸಿರದಿದ್ದರೆ ಪೇಚಾಟ.

ಎರಡು ಕಾರು ಸವರಿಕೊಂಡು ಬರೀ ಬಣ್ಣ ಹೋಗಿದ್ದರೆ ನಮ್ಮ ರಸ್ತೆಗಳಲ್ಲಿ ನಡೆಯುವುದು ಪಂಚಾಯ್ತಿ. ಜನ ಸೇರುತ್ತಾರೆ, ಎರಡು ಸಾವಿರಕ್ಕೋ ಮೂರು ಸಾವಿರಕ್ಕೋ ಮುಗಿಯುತ್ತದೆ. ಪಾಲಿಸಿಯಲ್ಲಿ ಒಂದು ಷರತ್ತಿದೆ: ಕಂಪನಿಯ ಲಿಖಿತ ಒಪ್ಪಿಗೆ ಇಲ್ಲದೆ ತಪ್ಪು ಒಪ್ಪಿಕೊಳ್ಳುವುದಾಗಲಿ ಹಣ ಕೊಡುವ ಮಾತು ಕೊಡುವುದಾಗಲಿ ಮಾಡಬಾರದು. ಕ್ಲೇಮ್ ಬೇಡವೇ ಬೇಡ, ನಾವೇ ಮುಗಿಸುತ್ತೇವೆ ಎನ್ನುವುದಾದರೆ ಹಣ ಕೊಟ್ಟದ್ದಕ್ಕೂ ಮುಂದೆ ಬೇರೆ ಬೇಡಿಕೆ ಇಲ್ಲ ಎನ್ನುವುದಕ್ಕೂ ಎರಡು ಸಾಲು ಬರೆಸಿಕೊಳ್ಳಿ. ಎರಡೂ ಗಾಡಿಗಳ ಫೋಟೋ ತೆಗೆದುಕೊಳ್ಳಿ. ಹಣವನ್ನು ಯುಪಿಐ ಮೂಲಕ ಕೊಟ್ಟರೆ ಗುರುತು ಉಳಿಯುತ್ತದೆ. ಮಕ್ಕಳಿಗೆ ಒಂದು ಮಾತು ಮೊದಲೇ ಹೇಳಿಟ್ಟಿರಿ: ಇಂಥ ಪಂಚಾಯ್ತಿಯಲ್ಲಿ ಒಬ್ಬರೇ ನಿಂತು ಮಾತುಕತೆ ಆಡಬೇಡಿ, ಅಪ್ಪನಿಗೋ ಅಮ್ಮನಿಗೋ ಫೋನ್ ಮಾಡಿ, ಅಲ್ಲಿಯವರೆಗೆ ಅಲ್ಲೇ ಇರಿ. ಹೆದರಿ ಗಾಡಿ ಓಡಿಸಿಕೊಂಡು ಬಂದರೆ ಎರಡು ಸಾವಿರದ ವಿಷಯ ಪೊಲೀಸ್ ಠಾಣೆಗೆ ಹೋಗುತ್ತದೆ.

ಹೊರಗೆ ಸಣ್ಣದಾಗಿ ಕಂಡರೂ ಒಳಗೆ ದೊಡ್ಡದಾಗಿರುವ ಪೆಟ್ಟುಗಳಿವೆ. ಏರ್‌ಬ್ಯಾಗ್ ದೀಪ ಹತ್ತಿದ್ದರೆ, ಕಾರಿನ ಕೆಳಗೆ ಬಣ್ಣದ ನೀರು ತೊಟ್ಟಿಕ್ಕುತ್ತಿದ್ದರೆ, ಸ್ಟೇರಿಂಗ್ ಒಂದು ಕಡೆಗೆ ಎಳೆಯುತ್ತಿದ್ದರೆ, ಎಸ್ಟಿಮೇಟ್ ಬರುವ ಮೊದಲೇ ಕಂಪನಿಗೆ ತಿಳಿಸಿಬಿಡಿ. ತಿಳಿಸಿದ ಮಾತ್ರಕ್ಕೆ ಎನ್‌ಸಿಬಿ ಹೋಗುವುದಿಲ್ಲವೇ? ಹಣ ಪಡೆಯದೆ ಕ್ಲೇಮನ್ನು ಹಿಂತೆಗೆದುಕೊಂಡರೆ ಸಾಮಾನ್ಯವಾಗಿ ಎನ್‌ಸಿಬಿ ಉಳಿಯುತ್ತದೆ. ಆದರೆ ‘ಕ್ಲೇಮ್ ಮುಚ್ಚಲಾಗಿದೆ, ಪಾವತಿ ಇಲ್ಲ’ ಎಂಬ ಇಮೇಲ್ ತರಿಸಿಕೊಂಡು ಇಟ್ಟುಕೊಳ್ಳಿ. ನವೀಕರಣದ ದಿನ ಅದು ಬೇಕಾಗುತ್ತದೆ.

ಕ್ಲೇಮ್ ಮಾಡುವುದೇ ಸರಿ ಎಂದು ತೀರ್ಮಾನವಾದರೆ ಅದೇ ದಿನ ಮಾಡಿ. ಗಾಡಿ ಸರಿಸುವ ಮೊದಲು ಫೋಟೋ, ನಂಬರ್ ಪ್ಲೇಟ್ ಕಾಣುವಂತೆ ಒಂದಾದರೂ ಇರಲಿ. ಆ್ಯಪಿನಲ್ಲೋ ಪಾಲಿಸಿಯ ಮೇಲಿರುವ ನಂಬರಿಗೋ ತಿಳಿಸಿ, ಕ್ಲೇಮ್ ಸಂಖ್ಯೆ ಬರೆದುಕೊಳ್ಳಿ. ಆರ್‌ಸಿ, ಪಾಲಿಸಿ, ಓಡಿಸಿದವರ ಡಿಎಲ್, ಮಾಲೀಕರು ಸಹಿ ಮಾಡಿದ ಕ್ಲೇಮ್ ಅರ್ಜಿ, ಗ್ಯಾರೇಜಿನ ಎಸ್ಟಿಮೇಟ್, ಇಷ್ಟು ಸಾಕು. ಸರ್ವೇಯರ್, ಅಂದರೆ ಹಾನಿಯ ಬೆಲೆ ಕಟ್ಟುವವರು, ಗ್ಯಾರೇಜಿಗೆ ಬಂದು ನೋಡುತ್ತಾರೆ. ಸಣ್ಣದಾದರೆ ವಿಡಿಯೋ ಕರೆಯಲ್ಲೇ ಮುಗಿಸುವುದೂ ಉಂಟು. ಅವರು ನೋಡುವ ಮೊದಲು ಒಂದು ಸ್ಕ್ರೂ ಕೂಡ ಬಿಚ್ಚಿಸಬೇಡಿ. ಕಂಪನಿಯ ಜೊತೆ ಒಪ್ಪಂದವಿರುವ ಗ್ಯಾರೇಜಾದರೆ ಕ್ಯಾಶ್‌ಲೆಸ್: ನಿಮ್ಮ ಪಾಲು ಮಾತ್ರ ಕಟ್ಟಿ ಕಾರು ತನ್ನಿ. ಬೇರೆ ಗ್ಯಾರೇಜಾದರೆ ಮೊದಲು ನೀವೇ ಕಟ್ಟಿ, ಬಿಲ್ಲು ಕೊಟ್ಟು ಹಣ ವಾಪಸು ಪಡೆಯಬೇಕು.

ಕಂಪನಿ ಅನ್ಯಾಯವಾಗಿ ಕಡಿತ ಮಾಡಿದರೆ ಮೊದಲು ಕಂಪನಿಯ ದೂರು ಅಧಿಕಾರಿಗೆ ಬರೆಯಿರಿ. ವಿಮಾ ನಿಯಂತ್ರಣ ಪ್ರಾಧಿಕಾರದ ‘ಬಿಮಾ ಭರೋಸಾ’ ಜಾಲತಾಣದಲ್ಲಿ ಅಥವಾ 155255 ಸಂಖ್ಯೆಗೆ ಕರೆ ಮಾಡಿಯೂ ದೂರಬಹುದು. ಕಂಪನಿಗೆ ಬರೆದು ಒಂದು ತಿಂಗಳಾದರೂ ಉತ್ತರ ಬರದಿದ್ದರೆ, ಅಥವಾ ಉತ್ತರ ಸಮಾಧಾನ ತರದಿದ್ದರೆ, ವಿಮಾ ಒಂಬಡ್ಸ್‌ಮನ್ ಇದ್ದಾರೆ. ಕರ್ನಾಟಕಕ್ಕೆ ಅವರ ಕಚೇರಿ ಬೆಂಗಳೂರಿನ ಜೆ.ಪಿ. ನಗರದ ಜೀವನ್ ಸೌಧದಲ್ಲಿದೆ. ಶುಲ್ಕವಿಲ್ಲ, ವಕೀಲರು ಬೇಕಿಲ್ಲ.

ಸ್ಕೂಟರ್ ಗುದ್ದಿಸಿದವರ ಮನೆಯಲ್ಲಿ ಲೆಕ್ಕ ತಿರುಗಾಮುರುಗಾ. ಸ್ಕೂಟರಿನ ಓನ್ ಡ್ಯಾಮೇಜ್ ಪ್ರೀಮಿಯಂ ಸಣ್ಣದು. 800 ರೂಪಾಯಿ ಅನ್ನಿ. ಅದರ ಒಂದೂಕಾಲು ಪಟ್ಟು ಎಂದರೆ 1,000, ಜಿಎಸ್‌ಟಿ ಸೇರಿ 1,180. ಕಡ್ಡಾಯ ಡಿಡಕ್ಟಿಬಲ್ ನೂರು ರೂಪಾಯಿ. ಆದ್ದರಿಂದ ಕಂಪನಿಯಿಂದ ಮೂರು ನಾಲ್ಕು ಸಾವಿರ ಬರುವಂತಿದ್ದರೆ ಸ್ಕೂಟರಿಗೆ ಕ್ಲೇಮ್ ಮಾಡುವುದೇ ಲಾಭ. ತೊಂದರೆ ಏನೆಂದರೆ, ಹೆಚ್ಚಿನ ಸ್ಕೂಟರುಗಳಿಗೆ ಥರ್ಡ್ ಪಾರ್ಟಿ ಬಿಟ್ಟು ಇನ್ನೇನೂ ಇರುವುದಿಲ್ಲ.

ಅಮೆರಿಕದಲ್ಲಿರುವ ಭಾವನನ್ನೋ ತಂಗಿಯನ್ನೋ ಫೋನಿನಲ್ಲಿ ಕೇಳುವವರಿಗೆ ಒಂದು ಎಚ್ಚರಿಕೆ. ಅಲ್ಲಿ ವಿಮೆಯ ದರ ಓಡಿಸುವವರ ವಯಸ್ಸು ಮತ್ತು ಚರಿತ್ರೆ ನೋಡುತ್ತದೆ. ಹದಿಹರೆಯದ ಮಗುವನ್ನು ಪಾಲಿಸಿಗೆ ಸೇರಿಸಿದ ಕೂಡಲೇ ಪ್ರೀಮಿಯಂ ಜಿಗಿಯುತ್ತದೆ, ತಪ್ಪು ಆ ಮಗುವಿನದಾದರೆ ಕೆಲವು ವರ್ಷ ಇನ್ನೂ ಏರಿಕೆ. 500 ಅಥವಾ 1,000 ಡಾಲರ್ ಡಿಡಕ್ಟಿಬಲ್ ಅಲ್ಲಿ ಸಾಮಾನ್ಯ. ಅವರ ಸಲಹೆ ಅವರ ಊರಿಗೆ ಸರಿ, ನಮ್ಮ ಎನ್‌ಸಿಬಿ ಏಣಿ ಅವರ ಲೆಕ್ಕದಲ್ಲಿ ಇರುವುದಿಲ್ಲ.

ನಮ್ಮ ನೆರೆಯವರು ಕಾರನ್ನು ಟಿಂಕರಿಗೆ ಬಿಟ್ಟರು. ಮೂರು ದಿನ ಅಂದವನು ಐದು ದಿನ ಮಾಡಿದ. ಹತ್ತಿರ ನಿಂತು ನೋಡಿದರೆ ಬಂಪರಿನ ಬಣ್ಣ ಒಂದು ಎಳೆ ಬೇರೆ, ಬೀದಿಯಿಂದ ನೋಡಿದರೆ ಗೊತ್ತಾಗುವುದಿಲ್ಲ. ನವೀಕರಣಕ್ಕೆ ಇನ್ನು ನಾಲ್ಕು ತಿಂಗಳಿದೆ. ಆಗ ಜೀರೋ ಡಿಪ್ರಿಸಿಯೇಷನ್ ಜೊತೆಗೆ ಎನ್‌ಸಿಬಿ ಪ್ರೊಟೆಕ್ಟ್, ಅಂದರೆ ಒಂದು ಕ್ಲೇಮ್ ಆದರೂ ಬೋನಸ್ ಉಳಿಸುವ ಆಡ್‌ಆನ್, ಎಷ್ಟಾಗುತ್ತದೆ ಎಂದು ಎರಡು ಮೂರು ಕಂಪನಿಗಳಲ್ಲಿ ಕೇಳಿ ನೋಡಲು ಹೇಳಿದ್ದೇನೆ. ಕಾರಿಗೆ ಐದು ವರ್ಷ ಆಗುವುದರಿಂದ ಎಲ್ಲ ಕಂಪನಿಗಳೂ ಜೀರೋ ಡಿಪ್ರಿಸಿಯೇಷನ್ ಕೊಡುವುದಿಲ್ಲ, ಹುಡುಕಬೇಕು.

ಗೇಟಿನ ಕಲ್ಲುಕಂಬವೂ ಒಂದಿಷ್ಟು ವಾಲಿತ್ತು. ‘ಇದಕ್ಕೆ ಥರ್ಡ್ ಪಾರ್ಟಿಯಲ್ಲಿ ಏನಾದ್ರೂ ಬರುತ್ತಾ?’ ಎಂದು ಅಜ್ಜ ಕೇಳಿದರು. ಬರುವುದಿಲ್ಲ. ಬೇರೆಯವರ ಆಸ್ತಿಯಾಗಿದ್ದರೆ ಖಾಸಗಿ ಕಾರಿನ ಪಾಲಿಸಿಯಲ್ಲಿ ಏಳೂವರೆ ಲಕ್ಷದವರೆಗೆ ಅವಕಾಶವಿದೆ. ಆದರೆ ಈ ಕಂಬ ಅವರದೇ. ಗಾರೆಯವನು ಸಿಮೆಂಟು, ಕೂಲಿ ಸೇರಿ 1,200 ತೆಗೆದುಕೊಂಡ.